ಹನ್ನೊಂದು ಗಂಟೆಯ ನೀರು

ಶಕುಂತಲಾ ಸಿಸ್ಟರ್ ಒಂಬತ್ತು ವರ್ಷ ನನ್ನ ಅಂಗಡಿಗೆ ಬಂದರು. ಒಂದು ಸಲವೂ ಕೂರಲಿಲ್ಲ. ಅವರಿಗೆಂದೇ ನೀಲಿ ಬಣ್ಣದ ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದಿಟ್ಟಿದ್ದೆ. ಅದರ ಮೇಲೆ ಚೀಲ ಇಡುತ್ತಿದ್ದರು, ಛತ್ರಿ ಇಡುತ್ತಿದ್ದರು, ಬಿಸಿಲಿನ ದಿನ ಒದ್ದೆ ಕರವಸ್ತ್ರವನ್ನು ಒಣಹಾಕುತ್ತಿದ್ದರು. ತಾವು ಮಾತ್ರ ಕೌಂಟರಿಗೆ ಒಂದು ಕೈ ಊರಿ, ಒಂದು ಕಾಲು ಮೆಟ್ಟಿಲ ಮೇಲೆ ಇನ್ನೊಂದು ಕಾಲು ರಸ್ತೆಯಲ್ಲಿ ಇಟ್ಟುಕೊಂಡು, ಈಗಲೇ ಹೊರಟೆ ಅನ್ನುವ ಹಾಗೆ ನಿಂತಿರುತ್ತಿದ್ದರು. "ಕುಂದರ್ರಿ ಸಿಸ್ಟರ್" ಅಂದರೆ, "ಕುಂತ್ರ ಮತ್ತ ಏಳೋದೊಂದು ಕೆಲಸ ಆಗತೈತಿ, ಮಾಂತೇಶಾ. ನೀ ಲಗೂನ ಟೈಪ್ ಮಾಡು" ಅನ್ನುತ್ತಿದ್ದರು.

ನನ್ನದು ಗಂಗಾವತಿಯಲ್ಲಿ, ಕಾಯಿಪಲ್ಲೆ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡು, ಅಂಕಪಟ್ಟಿ, ಯಾರದೋ ಅರ್ಜಿ, ಯಾರದೋ ಲಗ್ನಪತ್ರಿಕೆ ಎಲ್ಲವೂ ನನ್ನ ಬಳಿಗೇ ಬರುತ್ತವೆ. ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ನನಗೆ ನನ್ನ ಕುರ್ಚಿಯ ಮೇಲೆ ಬಹಳ ಪ್ರೀತಿ. ದೇವರು ಮನುಷ್ಯನಿಗೆ ಸೊಂಟ ಕೊಟ್ಟಿದ್ದೇ ಕೂರುವುದಕ್ಕೆ ಎಂದು ಪ್ರಾಮಾಣಿಕವಾಗಿ ನಂಬಿದವನು ನಾನು. ಇಂಥವನ ಎದುರಿಗೆ, ನಿವೃತ್ತರಾದ ಮೇಲೂ ದಿನಕ್ಕೆ ಎರಡು ಸಲ ಊರು ಸುತ್ತುವ ಹೆಂಗಸು ಬಂದು ನಿಂತರೆ ಸಿಟ್ಟು ಬರದೆ ಇರುತ್ತದೆಯೇ? ಅವರನ್ನು ದೂರದಿಂದ ಕಂಡರೇ ನನ್ನ ಮೊಣಕಾಲು ನೋಯುತ್ತಿದ್ದವು.

ಸಣ್ಣ ಆಳು. ಗಂಜಿ ಹಾಕಿದ ಕಾಟನ್ ಸೀರೆ, ಹಣೆಗೆ ಕಾಸಿನಗಲ ಕುಂಕುಮ, ಕಾಲಿಗೆ ಮಾತ್ರ ಗಂಡಸರು ಹಾಕುವಂಥ ಕರಿ ಬೂಟು. ಸೊಂಟದಲ್ಲಿ ಒಂದು ಎಲೆಅಡಿಕೆ ಸಂಚಿ ಇರುತ್ತಿತ್ತು. ಅದರೊಳಗೆ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಬರೀ ಸೀಮೆಸುಣ್ಣದ ತುಂಡುಗಳು. ಕುಷ್ಟಗಿಯಲ್ಲಿ ಹುಟ್ಟಿದವರು, ನರ್ಸಾಗಿ ನಮ್ಮೂರಿಗೆ ಬಂದವರು ಇಲ್ಲೇ ಉಳಿದರು. ಮದುವೆ ಆಗಿರಲಿಲ್ಲ. ಯಾಕೆ ಅಂತ ಒಮ್ಮೆ ಧೈರ್ಯ ಮಾಡಿ ಕೇಳಿದ್ದಕ್ಕೆ, "ನೋಡಾಕ ಬಂದಾಗೆಲ್ಲ ನಾನು ಮನ್ಯಾಗ ಇರತಿದ್ದಿಲ್ಲಪಾ" ಅಂದರು. ನಿಜವೋ ತಮಾಷೆಯೋ ಇವತ್ತಿಗೂ ಗೊತ್ತಿಲ್ಲ.

ಆ ಸೀಮೆಸುಣ್ಣದ ಕತೆ ಪೋಲಿಯೊ ಹನಿಯದು. ಹನಿ ಹಾಕುವವರು ಮನೆಮನೆಗೆ ಹೋಗಿ ಬಾಗಿಲ ಪಕ್ಕದ ಗೋಡೆಗೆ ಗುರುತು ಹಾಕುತ್ತಾರಲ್ಲ, ನೀವೂ ನೋಡಿರುತ್ತೀರಿ. ಮನೆಯ ಮಕ್ಕಳೆಲ್ಲ ಹನಿ ಕುಡಿದಿದ್ದರೆ ಇಂಗ್ಲಿಷಿನ ಪಿ. ಒಂದು ಮಗು ಊರಿಗೆ ಹೋಗಿದ್ದರೆ, ಮಲಗಿದ್ದರೆ, ಅಜ್ಜಿ ಬೇಡವೆಂದು ಬಚ್ಚಿಟ್ಟಿದ್ದರೆ, ಎಕ್ಸ್. ಎಕ್ಸ್ ಹಾಕಿದ ಮನೆಗೆ ಮತ್ತೆ ಹೋಗಲೇಬೇಕು. ಸಿಸ್ಟರ್ ಎಷ್ಟೋ ವರ್ಷ ಈ ಕೆಲಸ ಮಾಡಿದವರು. ಎಕ್ಸ್ ಮನೆಗೆ ಮೂರು ಸಲ, ನಾಲ್ಕು ಸಲ ಹೋದವರು. "ಮನ್ಯಾಗ ಐದು ಕೂಸು ಇದ್ದು ನಾಕು ಕುಡದ್ರೂ ಅದು ಎಕ್ಸ್ ಮನಿನ. ಒಂದ ಕೂಸು ಉಳದ್ರೂ ಎಕ್ಸ್" ಅನ್ನುವುದು ಅವರ ಕಾನೂನು. "ಎಕ್ಸ್ ಅಂದ್ರ ಬೈಗಳ ಅಲ್ಲೋ. ಮತ್ತ ಬರತೀನಿ ಅಂತ ಅರ್ಥ."

ನಿವೃತ್ತಿಯಾದ ಮರುದಿನ ಮನೆಯಲ್ಲಿ ಕೂರಲಾಗದೆ ಹೊರಗೆ ಬಂದರಂತೆ. ಸಂಚಿಯಲ್ಲಿ ಸೀಮೆಸುಣ್ಣ ಉಳಿದಿತ್ತು. ಗಟಾರದ ಮೇಲೆ ಒಡೆದ ಕಲ್ಲೊಂದು ಕಂಡಿತು. ಪಕ್ಕದ ಗೋಡೆಗೆ ಎಕ್ಸ್ ಹಾಕಿದರು. ಹಾಕಿದ ಮೇಲೆ ಮತ್ತೆ ಹೋಗಬೇಕಲ್ಲ? ಹೋದರು. ಆ ಓಣಿಯವರು ಇವರ ಕಾಟ ತಾಳಲಾರದೆ ತಾವೇ ಒಂದು ಕಡಪಾ ಕಲ್ಲು ತಂದು ಹಾಕಿದರು. ಸಿಸ್ಟರ್ ಎಕ್ಸ್ ಒರೆಸಿ ಪಿ ಬರೆದರು. ಅಲ್ಲಿಂದ ಶುರುವಾಯಿತು. ಅಂಚೆ ಕಚೇರಿಯ ಎದುರು ಪಿಂಚಣಿಗೆ ನಿಲ್ಲುವ ಮುದುಕರಿಗೆ ಬೆಂಚಿಲ್ಲ, ಎಕ್ಸ್. ಶಾಲೆಯ ಮುಂದೆ ಲಾರಿ ಜೋರು ಬರುತ್ತದೆ, ಎಕ್ಸ್. ಒಂದು ದಿನ ನಾನು ಬಾಗಿಲು ತೆಗೆಯಲು ಬಂದರೆ ನನ್ನ ಅಂಗಡಿಯ ಗೋಡೆಗೇ ಎಕ್ಸ್.

ನನಗೆ ಕೆಂಡದಂಥ ಸಿಟ್ಟು ಬಂತು. "ನಾನೇನ್ರಿ ತಪ್ಪು ಮಾಡೀನಿ?" ಅಂದೆ.

"ನಿನ್ನ ಮೆಟ್ಟಲಾ ಎತ್ತರ ಐತಿ. ನಿನ್ನಿ ಒಬ್ಬಾಕಿ ಮುದುಕಿ ಕಾರ್ಡ್ ಝೆರಾಕ್ಸ್ ಮಾಡಸಾಕ ಬಂದು, ಏರಾಕ ಆಗದ ಕೆಳಗ ನಿಂತು ನಿನ್ನ ಕರದ್ಲು. ನೀ ಮೊಬೈಲ್ ನೋಡಕೋತ ಕುಂತಿದ್ದಿ. ಆಕಿ ಹೊಳ್ಳಿ ಹೋದ್ಲು."

ನಾನು ಒಂದು ವಾರ ಹಟ ಮಾಡಿದೆ. ಅವರು ಒಂದು ವಾರ ಬಂದರು. ಬಂದು ಮೆಟ್ಟಿಲನ್ನು ನೋಡಿ, ನನ್ನನ್ನು ನೋಡಿ, ಹೋಗುತ್ತಿದ್ದರು. ಎಂಟನೆಯ ದಿನ ಕೆಳಗೊಂದು ಕಲ್ಲು ಹಾಕಿಸಿದೆ. ಪಿ ಬಿತ್ತು. ಸಣ್ಣ ಹುಡುಗನಿಗೆ ಮಾಸ್ತರು ಶಹಬ್ಬಾಸ್ ಅಂದಷ್ಟು ಖುಷಿಯಾಯಿತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಅವತ್ತಿನಿಂದ ಅವರ ಅರ್ಜಿಗಳನ್ನು ಟೈಪ್ ಮಾಡುವುದು ನನ್ನ ಪಾಲಿಗೆ ಬಂತು.

ಅವರ ಕಣ್ಣು ಹೇಗಿತ್ತು ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಕೊಪ್ಪಳದ ಕಡೆ ಹೋಗುವ ಬಸ್ಸುಗಳು ನಿಲ್ಲುವ ಒಂದು ಜಾಗದಲ್ಲಿ ತಗಡಿನ ತಂಗುದಾಣ ಇತ್ತು. ಅದರೊಳಗೆ ಯಾರೂ ನಿಲ್ಲುತ್ತಿರಲಿಲ್ಲ. ಜನಕ್ಕೆ ಶಿಸ್ತಿಲ್ಲ ಅಂತ ನಾವೆಲ್ಲ ಬೈಯುತ್ತಿದ್ದೆವು. ಸಿಸ್ಟರ್ ಒಂದು ಬೇಸಿಗೆಯ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲೇ ನಿಂತು ನೋಡಿದರು. ಬಸ್ಸು ತಂಗುದಾಣದಿಂದ ಮೂವತ್ತು ಹೆಜ್ಜೆ ಮುಂದೆ ನಿಲ್ಲುತ್ತಿತ್ತು. ಓಡಲಾರದವರು ಮೊದಲೇ ಅಲ್ಲಿಗೆ ಹೋಗಿ, ಇದ್ದ ಒಂದೇ ಕರೆಂಟ್ ಕಂಬದ ನೆರಳಿನಲ್ಲಿ ಸಾಲಾಗಿ, ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದರು. ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು. ಸಿಸ್ಟರ್ ಆ ಸಾಲಿನಲ್ಲಿ ತಾವೂ ಒಬ್ಬರಾಗಿ ದಿನವಿಡೀ ಸರಿದರು. ಆಮೇಲೆ ಹೋಗಿ ಎರಡು ಬೇವಿನ ಸಸಿ ತಂದು ಸರಿಯಾಗಿ ಅಲ್ಲಿಯೇ ನೆಡಿಸಿದರು. "ಮಂದಿ ಎಲ್ಲಿ ನಿಂದರತಾರ ಅಂತ ನೋಡಬೇಕು, ಮಾಂತೇಶಾ. ಎಲ್ಲಿ ನಿಂದರಬೇಕು ಅಂತ ಹೇಳಬಾರದು" ಅಂದರು. ಆ ಬೇವು ಈಗ ಮೂರಾಳೆತ್ತರ ಆಗಿವೆ.

ಇಷ್ಟು ಬಲ್ಲ ಹೆಂಗಸು ಆಮೇಲೆ ಎಂಥ ತಪ್ಪು ಮಾಡಿದರು ಅಂದರೆ ನನಗೆ ಇನ್ನೂ ಸಂಕಟವಾಗುತ್ತದೆ.

ಮಾರ್ಕೆಟ್ಟಿನ ಗೋಡೆಗುಂಟ ಸೊಪ್ಪು ಮಾರುವ ಹೆಂಗಸರು ಕೂರುತ್ತಾರೆ. ಮರಳಿ ಅನ್ನುವ ಊರಿನಿಂದ, ಸುತ್ತಲಿನ ಹಳ್ಳಿಗಳಿಂದ ನಸುಕಿನ ಟಂಟಂ ಆಟೋ ಹಿಡಿದು ಬರುತ್ತಾರೆ. ಮೆಂತೆ, ಪುಂಡಿಪಲ್ಲೆ, ರಾಜಗಿರಿ, ಕೊತ್ತಂಬರಿ ಎಲ್ಲ ಮಾರಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಮನೆಗೆ ಹೊರಡುತ್ತಾರೆ. ಅವರಲ್ಲಿ ಮರಳಿಯ ಯಲ್ಲವ್ವ ಅಂತ ಒಬ್ಬಳು, ಬಾಯಿ ಜೋರು, ಸಾಲಿಗೆ ಅವಳೇ ಮುಂದಾಳು. ದೇವಮ್ಮ ಅಂತ ಇನ್ನೊಬ್ಬಳು, ವಯಸ್ಸಾದವಳು, ಮಾತು ಕಡಿಮೆ. ದೇವಮ್ಮನ ಊರಿನ ಬಸ್ಸು ತಡವಾಗಿ ಬರುವುದರಿಂದ ಸಾಲಿನಲ್ಲಿ ಜಾಗ ಸಿಗದೆ, ಗೇಟಿನ ಹೊರಗೆ ಒಬ್ಬಳೇ ಸೊಪ್ಪಿನ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು.

ಒಂದು ಏಪ್ರಿಲ್‌ನಲ್ಲಿ ಸಿಸ್ಟರ್ ಇವರಿಗೆಲ್ಲ ನೀರು ಕುಡಿಸಲು ಹೋದರು. ಯಾರೂ ಕುಡಿಯಲಿಲ್ಲ. ತುಟಿ ಒಡೆದು ಹೋಗಿವೆ, ಬಾಟಲಿ ಪಕ್ಕದಲ್ಲೇ ಇದೆ, ಅದರ ನೀರನ್ನು ಸೊಪ್ಪಿಗೆ ಚಿಮುಕಿಸುತ್ತಾರೆಯೇ ಹೊರತು ಬಾಯಿಗೆ ಹಾಕುವುದಿಲ್ಲ. ನರ್ಸಿಗೆ ತಿಳಿಯದೆ ಇರುತ್ತದೆಯೇ? ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರೆ, ಹತ್ತರಲ್ಲಿ ಎಂಟು ಜನಕ್ಕೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಮೇಲೆ ಮೇಲೆ ಜ್ವರ.

"ನೀರು ಕುಡದ್ರ ಎದ್ದು ಎಲ್ಲಿ ಹೋಗಬೇಕ್ರಿ ಸಿಸ್ಟರ್?" ಅಂದಳಂತೆ ಯಲ್ಲವ್ವ. "ನಸುಕಿನ್ಯಾಗ ಮನ್ಯಾಗ ಒಂದು ಕಪ್ ಚಾ ಕುಡದು ಬರತೀವಿ. ಮತ್ತ ಮನಿ ಮುಟ್ಟಿದ ಮ್ಯಾಲೆ ನೀರು. ನಮ್ಮವ್ವನೂ ಹಂಗ ಮಾಡತಿದ್ಲು."

ಅವತ್ತು ಸಿಸ್ಟರ್ ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. "ನಾನು ಇದ ಮಾರ್ಕೆಟ್ಟಿನ್ಯಾಗ ಪೋಲಿಯೊ ಬೂತ್ ಹಾಕೀನಿ. ಇವರ ಮಕ್ಕಳ ಬಾಯಾಗ ಹನಿ ಹಾಕೀನಿ. ಇವರ ಬಾಯಿ ನೋಡಲಿಲ್ಲ ನೋಡು" ಅಂದರು. ನಾನು ಕುರ್ಚಿಯಿಂದ ಎದ್ದು ನಿಂತು ನೀರು ಕೊಟ್ಟೆ. ಅದನ್ನು ಕುಡಿಯದೆ ಹಾಗೇ ಕೌಂಟರಿನ ಮೇಲಿಟ್ಟರು.

ಅಲ್ಲಿಂದ ಎರಡು ವರ್ಷ ಅವರಿಗೆ ಬೇರೆ ಧ್ಯಾನವಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹೆಂಗಸರಿಗೊಂದು ಶೌಚಾಲಯ. ನಾನು ಟೈಪ್ ಮಾಡಿದ ಅರ್ಜಿಗಳಿಗೆ ಲೆಕ್ಕವಿಲ್ಲ. "ಮಾನ್ಯರೆ" ಅಂತ ಶುರುಮಾಡಿದರೆ, "ಅದು ಇರಲಿ, ಮೊದಲ ಸಾಲಿನ್ಯಾಗ ನೀರು ಅಂತ ಬರೀ" ಅನ್ನುವರು. ನಗರಸಭೆ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಬೂಟಿನ ಹಿಮ್ಮಡಿ ಸವೆಸಿದರು. ಅಲ್ಲಿನವರು ಕೆಟ್ಟವರೇನಲ್ಲ, ಇವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಕುರ್ಚಿ ಕೊಡುತ್ತಿದ್ದರು. ಕುರ್ಚಿ ಕೊಟ್ಟಿದ್ದೇ ಇವರಿಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಊರನ್ನು ಅಂದಗೊಳಿಸುವ ಬಗ್ಗೆ ಒಂದು ಸಭೆ ಕರೆದರು. ನಾನೂ ಹೋಗಿದ್ದೆ. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಸರ್ಕಲ್ಲಿನಲ್ಲಿ ಬಣ್ಣದ ಕಾರಂಜಿ, ರಸ್ತೆಯ ನಡುವೆ ಈಚಲ ಮರ, ಹುಲಿಗಿಯ ಗುಡಿಗೆ ಹೋಗುವವರು, ಬೆಟ್ಟ ನೋಡಲು ಬರುವವರು ನಿಂತು ಫೋಟೊ ತೆಗೆಸಿಕೊಳ್ಳಲು ಊರ ಹೆಸರಿನ ದೊಡ್ಡ ದೊಡ್ಡ ಅಕ್ಷರಗಳು. ಸುಳ್ಳು ಯಾಕೆ ಹೇಳಲಿ, ನನಗೆ ಎಲ್ಲವೂ ಚೆಂದ ಕಂಡು ಚಪ್ಪಾಳೆ ಹೊಡೆದೆ. ಹಿಂದೆ ಬಾಗಿಲ ಹತ್ತಿರ, ಎಂದಿನಂತೆ ನಿಂತೇ ಇದ್ದ ಸಿಸ್ಟರ್ ಕೈ ಎತ್ತಿದರು.

"ಬರೋರಿಗೆ ಕಾರಂಜಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅವರು ಬರತಾರ, ಫೋಟೊ ತಗಸ್ತಾರ, ಹೋಗತಾರ. ಇಲ್ಲೇ ಇರೋ ಹೆಣ್ಮಕ್ಕಳು ಮುಂಜಾನಿಯಿಂದ ಒಂದು ಗುಟುಕು ನೀರು ಕುಡಿಯಾಕ ಹೆದರಿ ಕುಂದರತಾರ. ಇವರ ಸಲುವಾಗಿ ಒಂದು ಬಾಗಲಾ ಹಾಕ್ರಿ. ಇಷ್ಟ ನನ್ನದು."

ಮುಂದೆ ಕೂತಿದ್ದ ಅಧಿಕಾರಿ, ವಯಸ್ಸಿನಲ್ಲಿ ಚಿಕ್ಕವರು, ತಲೆ ತಗ್ಗಿಸಿ ಏನೋ ಬರೆದುಕೊಂಡರು. ಮರುದಿನವೇ ಮಾರ್ಕೆಟ್ಟಿಗೆ ಬಂದು, "ಎಲ್ಲಿ ಬೇಕು ಹೇಳ್ರಿ ಸಿಸ್ಟರ್, ನೀವು ತೋರಿಸಿದ ಜಾಗದಾಗ ಕಟ್ಟಸ್ತೀನಿ" ಅಂದರು.

ಕಂಬದ ನೆರಳಿನಲ್ಲಿ ಒಂದು ದಿನ ಪೂರ್ತಿ ನಿಂತಿದ್ದ ಸಿಸ್ಟರ್, ಅವತ್ತು ಒಂದು ನಿಮಿಷವೂ ನಿಲ್ಲಲಿಲ್ಲ. ಎರಡು ವರ್ಷದ ತಹತಹ ಒಮ್ಮೆಲೆ ಕಾಲಿಗೆ ಇಳಿದಿರಬೇಕು. ಸೊಪ್ಪಿನ ಸಾಲಿನಿಂದ ಹೊರಟು, ಹೆಜ್ಜೆ ಎಣಿಸುತ್ತಾ, ಗೇಟಿನ ಪಕ್ಕದ ಖಾಲಿ ಮೂಲೆಗೆ ಹೋಗಿ, "ಇಲ್ಲೇ. ಇಪ್ಪತ್ತೆರಡ ಹೆಜ್ಜಿ" ಅಂದರು. ಕೂತವರು ಎದ್ದು ಹತ್ತಿರದಲ್ಲೇ ಹೋಗಿ ಬರಲಿ ಅನ್ನುವುದು ಅವರ ಲೆಕ್ಕ.

ನಾಲ್ಕು ತಿಂಗಳಲ್ಲಿ ಕಟ್ಟಡ ಎದ್ದಿತು. ಹೇಳಬಾರದೇಕೆ, ಚೊಕ್ಕ ಕೆಲಸ. ಬಿಳಿ ಟೈಲ್ಸು, ಒಳಗೆ ಚಿಲಕ, ಮೇಲೆ ನೀರಿನ ಟ್ಯಾಂಕು. ಉದ್ಘಾಟನೆಯ ದಿನ ಕಾಯಿ ಒಡೆದರು, ಪೇಡೆ ಹಂಚಿದರು. ಸಿಸ್ಟರ್ ಸಂಚಿ ಬಿಚ್ಚಿ ಹೊಸ ಗೋಡೆಗೆ ದೊಡ್ಡದಾಗಿ ಪಿ ಬರೆದರು. ಯಾರೂ ಇನ್ನೂ ಒಳಗೆ ಹೋಗಿರಲಿಲ್ಲ. ತಮ್ಮ ಕಾನೂನನ್ನು ತಾವೇ ಮುರಿದದ್ದು ನಾನು ಕಂಡಂತೆ ಅದೊಂದೇ ಸಲ.

ಮರುದಿನವೂ ಯಾರೂ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಸಿಸ್ಟರ್ ದಿನಾ ಹನ್ನೊಂದಕ್ಕೆ ಹೋಗಿ ಬಾಟಲಿಗಳನ್ನು ನೋಡುತ್ತಿದ್ದರು. ಅವರಿಗೆ ಅದೇ ಅಳತೆ. ಬಾಗಿಲು, ಟೈಲ್ಸು ಯಾವುದೂ ಲೆಕ್ಕಕ್ಕಿಲ್ಲ, ಹನ್ನೊಂದು ಗಂಟೆಗೆ ಈ ಹೆಂಗಸರು ನೀರು ಕುಡಿದರೆ ಕೆಲಸ ಆದ ಹಾಗೆ. ಬಾಟಲಿಗಳು ತುಂಬಿಯೇ ಇದ್ದವು. ಮೊದಲು ಬೇಡಿದರು, ಆಮೇಲೆ ಗದರಿದರು. "ನಿಮ್ಮ ಸಲುವಾಗಿ ಇಷ್ಟು ಓಡ್ಯಾಡೀನಿ, ಎದ್ದು ಹೋಗಾಕ ಏನ್ ಬ್ಯಾನಿ?" ಅಂದರು. ಹೆಂಗಸರು ತಲೆ ತಗ್ಗಿಸಿ ಸೊಪ್ಪಿನ ಕಟ್ಟು ಬಿಗಿಯುತ್ತಾ ಕೂತರು. ಊರಲ್ಲಿ ನಾಲ್ಕು ಜನ, "ಇವರಿಗೆ ಎಷ್ಟು ಮಾಡಿದ್ರೂ ಅಷ್ಟ" ಅಂದರು. ಅಂದವರಲ್ಲಿ ನಾನೂ ಒಬ್ಬ.

ಮೂರನೆಯ ವಾರ ಯಲ್ಲವ್ವ ಬಾಯಿ ಬಿಟ್ಟಳು. ನಾನು ಅಲ್ಲೇ ಇದ್ದೆ, ಕೊತ್ತಂಬರಿ ಕೊಳ್ಳಲು ಹೋದವನು.

"ಸಿಸ್ಟರ್, ನೀವು ಬೈದ್ರ ಬೈಸ್ಕೋತೀವಿ. ಖರೇ ಹೇಳಲಿ? ಆ ಬಾಗಲಾ ಯಾವ ಕಡೆ ಐತಿ ನೋಡ್ರಿ. ಎದುರಿಗೆ ಚಾದಂಗಡಿ. ಪಕ್ಕಕ್ಕ ಆಟೋ ನಿಂದರತಾವ. ನಮ್ಮ ಮೈದುನ ಅಲ್ಲೇ ಆಟೋ ಹಚ್ಚತಾನ. ಅವರೆಲ್ಲರ ಮುಂದ ನಾವು ಎದ್ದು ಒಳಗ ಹೋಗಿ ಹೊರಗ ಬರೋದು ಹ್ಯಾಂಗ್ರಿ? ಹೋಗಿ ಬಂದ್ವಿ ಅಂತ ಇಟ್ಕೋರಿ. ಅಲ್ಲಿಂದ ಬಂದದ್ದು ಕಂಡ ಮ್ಯಾಲೆ ನಮ್ಮ ಕೈಯಾಗಿನ ಕೊತಂಬ್ರಿ ಯಾರು ತಗೋತಾರ?"

ಸಿಸ್ಟರ್ ತಿರುಗಿ ನೋಡಿದರು. ಚಹಾದಂಗಡಿಯ ಬೆಂಚಿನ ಮೇಲೆ ಏಳೆಂಟು ಗಂಡಸರು ಕಪ್ಪು ಹಿಡಿದು, ಮುಖವನ್ನು ನೇರ ಆ ಬಾಗಿಲಿಗೆ ಮಾಡಿ ಕೂತಿದ್ದರು. ಅವರದೇನೂ ತಪ್ಪಿಲ್ಲ, ಬೆಂಚು ಮೊದಲಿನಿಂದಲೂ ಹಾಗೇ ಇತ್ತು. ನಾನೂ ಎಷ್ಟೋ ಸಲ ಅದೇ ಬೆಂಚಿನ ಮೇಲೆ ಕೂತಿದ್ದೆ.

ಅವರು ಹೋಗಿ ಆ ಪಿ ಅಕ್ಷರವನ್ನು ಸೆರಗಿನಿಂದ ಒರೆಸಿದರು. ಒರೆಸಿದಲ್ಲಿಯೇ ಎಕ್ಸ್ ಬರೆದರು. "ಮನಿಮನಿಗೆ ಹೋಗಿ ಕೇಳಿದಾಕಿ ನಾನು. ಇವರನ್ನ ಒಂದು ಮಾತು ಕೇಳಲಿಲ್ಲ, ಮಾಂತೇಶಾ. ಇವರ ಮುಂದನ ಹೆಜ್ಜಿ ಎಣಿಸಿದ್ನಿ, ಕೇಳಲಿಲ್ಲ" ಅಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೇ ಮೊದಲು ನೋಡಿದೆ, ನೋಡಿ ಮುಖ ತಿರುಗಿಸಿದೆ.

ಮರುದಿನದಿಂದ ಹೊಸ ಸುತ್ತು. ಬುಟ್ಟಿ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು (ಅದನ್ನು ಕೂರುವುದು ಅನ್ನಲಾಗದು) ಒಬ್ಬೊಬ್ಬಳನ್ನೇ ಕೇಳಿದರು. ನಿಮಗೆ ಎತ್ತ ಕಡೆಯಿಂದ ಹೋದರೆ ಸರಿ? ಯಾರು ಕಾಣಬಾರದು? ಕಂಡರೆ ಏನು ಅಂದುಕೊಳ್ಳಬೇಕು? ಉತ್ತರ ಅವರಲ್ಲಿಯೇ ಇತ್ತು. ಕಟ್ಟಡದ ಬೆನ್ನಿಗೆ ಒಂದು ಸಂದಿ, ಉಳ್ಳಾಗಡ್ಡಿ ಗೋದಾಮಿಗೆ ಹೋಗುವ ದಾರಿ. ದಿನವೂ ಹತ್ತಾರು ಸಲ ಹೆಂಗಸರು ಖಾಲಿ ಚೀಲ ಹಿಡಿದು ಆ ಸಂದಿಗೆ ಹೋಗಿ ಬರುತ್ತಾರೆ. ಅಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. "ಬಾಗಲಾ ಆ ಕಡೆ ಮಾಡಿಸ್ರಿ. ಕೈ ತೊಳಿಯೋ ನಳ ಮಾತ್ರ ಈ ಕಡೆ ಎಲ್ಲರ ಮುಂದ ಇರಲಿ. ನಾವು ಕೈ ತೊಳಿಯೋದು ಗಿರಾಕಿಗೆ ಕಾಣಲಿ" ಅಂದಳು ಯಲ್ಲವ್ವ. ಆ ಚಿಕ್ಕ ವಯಸ್ಸಿನ ಅಧಿಕಾರಿಯ ಮುಂದೆ ಹೋಗಿ ಸಿಸ್ಟರ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ಗೌಂಡಿ ಬಂದು ಮುಂದಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಹಿಂದಿನ ಗೋಡೆ ಒಡೆದು ಬಾಗಿಲು ಇಟ್ಟ.

ಮೊದಲು ಯಲ್ಲವ್ವ ಹೋದಳು, ಕೈಯಲ್ಲಿ ಖಾಲಿ ಚೀಲ ಹಿಡಿದು. ಪಕ್ಕದವಳು ಅವಳ ಪುಟ್ಟಿ ನೋಡಿಕೊಂಡಳು. ಬಂದು ನಳದಲ್ಲಿ ಕೈ ತೊಳೆದು, ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದಳು. ಹನ್ನೊಂದು ಹತ್ತಾಗಿತ್ತು. ಒಂದು ವಾರದಲ್ಲಿ ಸಾಲಿನವರೆಲ್ಲ ಕುಡಿಯತೊಡಗಿದರು. ನಾನು ಉತ್ಸಾಹದಿಂದ, "ಹಾಕ್ರಿ ಸಿಸ್ಟರ್ ಪಿ" ಅಂದೆ.

"ದೇವಮ್ಮಂದು ಉಳದೈತಿ" ಅಂದರು.

ಗೇಟಿನ ಹೊರಗೆ ಕೂರುವ ದೇವಮ್ಮನಿಗೆ ಪಕ್ಕದವಳು ಅಂತ ಯಾರಿದ್ದಾರೆ? ಎದ್ದು ಹೋದರೆ ಬೀದಿ ದನ ಬಂದು ಪುಟ್ಟಿಗೆ ಬಾಯಿ ಹಾಕುತ್ತವೆ. ಒಮ್ಮೆ ಹಾಕಿಯೂ ಇದ್ದವು. ಸಾಲಿನವರು ಸರಿದು ಜಾಗ ಕೊಡಲು ಗೋಡೆ ಮುಗಿದಿತ್ತು. ಸಿಸ್ಟರ್ ಇದ್ದ ದಿನ ಅವರೇ ಪುಟ್ಟಿಯ ಹತ್ತಿರ ನಿಂತು ಕಳಿಸುತ್ತಿದ್ದರು. "ನಾ ನಿಂತ್ರ ಅದು ಲೆಕ್ಕಕ್ಕಿಲ್ಲ. ನಾ ಇರಲಾರದ ದಿನ ಆಕಿ ಕುಡದ್ರ ಪಿ" ಅಂದರು. ಹೀಗಾಗಿ ಗೋಡೆಯ ಮೇಲೆ ಎಕ್ಸ್ ಹಾಗೇ ಉಳಿಯಿತು.

ಕಳೆದ ವರ್ಷ ಸಿಸ್ಟರ್ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅವರ ತಮ್ಮ ಬಂದು ಕುಷ್ಟಗಿಗೆ ಕರೆದುಕೊಂಡು ಹೋದ. ಮೂರು ತಿಂಗಳು ನಾನು ಹೋಗಲಿಲ್ಲ. ಅಂಗಡಿ ಬಿಟ್ಟು ಹೇಗೆ ಹೋಗಲಿ ಅಂತ ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಒಂದು ಭಾನುವಾರ ಹೋದೆ.

ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು. ಸಿಸ್ಟರ್ ಕೂತದ್ದನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಬೂಟು ಇರಲಿಲ್ಲ, ಬರಿಗಾಲು ಎಷ್ಟು ಚಿಕ್ಕವಿದ್ದವು. ತಮ್ಮನ ಹೆಂಡತಿ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು, ತಲೆ ಬಾಚಿ ಹೂವು ಮುಡಿಸಿದ್ದಳು. ಕಿಟಕಿಯ ಚೌಕಟ್ಟಿಗೆ ಸೀಮೆಸುಣ್ಣದ ಎರಡು ಎಕ್ಸ್ ಇದ್ದವು. ಎದುರಿನ ರಸ್ತೆಯಲ್ಲಿ ಏನೋ ಕಂಡಿರಬೇಕು.

ನನ್ನ ಆರೋಗ್ಯ, ನನ್ನ ಮನೆ, ಯಾವುದನ್ನೂ ಕೇಳಲಿಲ್ಲ. "ದೇವಮ್ಮ ನೀರು ಕುಡೀತಾಳೇನು?" ಅಂದರು.

ನಾನು ಆ ಕಡೆ ಹೋಗಿಯೇ ಇರಲಿಲ್ಲ. ಆದರೂ ಬಾಯಿಗೆ ಬಂದದ್ದು, "ಕುಡೀತಾಳ್ರಿ."

"ಪುಟ್ಟಿ ಯಾರು ನೋಡ್ತಾರ?"

ಸುಳ್ಳು ಒಂದು ಹೆಜ್ಜೆ ಇಟ್ಟ ಮೇಲೆ ನಿಲ್ಲುತ್ತದೆಯೇ? "ನಾನ ನಿಂದರತೀನ್ರಿ, ಹತ್ತು ನಿಮಿಷ. ಅಂಗಡಿ ಬಾಗಲಾ ಎಳಕೊಂಡು ಹೋಗತೀನಿ" ಅಂದೆ.

"ನೀನು? ನಿಂದರತಿ?" ಸಿಸ್ಟರ್ ನಕ್ಕರು. ನಕ್ಕು ನಕ್ಕು ಸೊಂಟ ನೋಯಿತೆಂದು ಹಲ್ಲು ಕಚ್ಚಿದರು. ಆಮೇಲೆ ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಮೆಟ್ಟಿಲಿಗೆ ಕಲ್ಲು ಹಾಕಿಸಿದ ದಿನ ನೋಡಿದ್ದರಲ್ಲ, ಹಾಗೆ. ಬೆನ್ನಿಗಿದ್ದ ದಿಂಬಿನ ಹಿಂದಿನಿಂದ ಸಂಚಿ ತೆಗೆದು ಒಂದು ಸೀಮೆಸುಣ್ಣದ ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟರು. "ಹಂಗಾದ್ರ ಎಕ್ಸ್ ಒರಸಿ ಪಿ ಹಾಕು. ನನಗ ಬರಾಕ ಆಗಂಗಿಲ್ಲ" ಅಂದರು. ಹೊರಡುವಾಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಅದನ್ನು ಪ್ರೀತಿಯೆಂದೇ ತಿಳಿದರು. ಪ್ರೀತಿಯೂ ಇತ್ತು, ಆದರೆ ಅದಕ್ಕಿಂತ ಹೆಚ್ಚು ನಾಚಿಕೆಯಿತ್ತು.

ಹದಿನೆಂಟು ದಿನಕ್ಕೆ ಅವರ ತಮ್ಮ ಫೋನ್ ಮಾಡಿದ. ಬೆಳಗಿನ ಚಹಾ ಕುಡಿದು ಕಣ್ಣು ಮುಚ್ಚಿದರಂತೆ. ಫೋನ್ ಇಟ್ಟ ಮೇಲೆ ನನ್ನ ಕುರ್ಚಿಯಲ್ಲಿ ನನಗೆ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ನೀಲಿ ಸ್ಟೂಲನ್ನು ಎತ್ತಿ ಒಳಗಿಟ್ಟೆ, ಮತ್ತೆ ಹೊರಗೆ ತಂದಿಟ್ಟೆ. ಅತ್ತೆ ಅಂತಲೂ ಹೇಳಿಬಿಡುತ್ತೇನೆ, ಗಿರಾಕಿಯ ಮುಂದೆಯೇ ಅತ್ತೆ.

ಕುಷ್ಟಗಿಗೆ ಹೋಗಿ ಮಣ್ಣು ಕೊಟ್ಟು ಬಂದ ಮರುದಿನ, ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಅಂಗಡಿಯ ಬಾಗಿಲು ಎಳೆದು ಮಾರ್ಕೆಟ್ಟಿಗೆ ಹೋದೆ. ಸಾಲಿನ ಹೆಂಗಸರು ಮಾರುತ್ತಿದ್ದರು, ಮಾತಾಡುತ್ತಿದ್ದರು, ಒಬ್ಬಳು ಬಾಟಲಿ ಎತ್ತಿ ಕುಡಿಯುತ್ತಿದ್ದಳು. ಗೇಟಿನ ಹೊರಗೆ ದೇವಮ್ಮ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಬಾಟಲಿ.

"ನೀವು ಹೋಗಿ ಬರ್ರಿ ಯಮ್ಮಾ. ನಾ ನಿಂದರತೀನಿ ಇಲ್ಲಿ" ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಇವತ್ತು ನಿಂದರತೀರಿ. ನಾಳಿಗೆ?"

ಪುಟ್ಟಿಯ ಪಕ್ಕ ಹೋಗಿ ನಿಂತೆ. ಅವತ್ತು ಆಕೆ ಏಳಲಿಲ್ಲ. ಮರುದಿನ ಮತ್ತೆ ಹೋಗಿ ನಿಂತೆ. ಮೂರನೆಯ ದಿನ ಎದ್ದು ಹೋಗಿ ಬಂದಳು, ಆದರೆ ನೀರು ಮುಟ್ಟಲಿಲ್ಲ. ನಾನು ಪುಟ್ಟಿಯ ಪಕ್ಕ ಬಿಸಿಲಲ್ಲಿ ನಿಂತು ದನ ಓಡಿಸಿದೆ, ಪುಂಡಿಪಲ್ಲೆ ಹೇಗೆ ಅಂದವರಿಗೆ ಬೆಲೆ ಗೊತ್ತಿಲ್ಲದೆ ಕಣ್ಣು ಕಣ್ಣು ಬಿಟ್ಟೆ. ಚಹಾದಂಗಡಿಯವರು ನಕ್ಕರು. ಅಂಗಡಿಯ ಮುಂದೆ ಗಿರಾಕಿ ಕಾದು ಬೈದುಕೊಂಡು ಹೋದರು. ಯಾರು ನಕ್ಕರೂ ಯಾರು ಬೈದರೂ ಹನ್ನೊಂದು ಹತ್ತಿರವಾದ ಹಾಗೆ ನನ್ನ ಕಾಲು ಕುರ್ಚಿಯ ಕೆಳಗೆ ಸುಮ್ಮನಿರುತ್ತಿರಲಿಲ್ಲ.

ಒಂಬತ್ತನೆಯ ದಿನ ಯಾರಿಗೋ ಲಗ್ನಪತ್ರಿಕೆ ತಿದ್ದಿಕೊಡುತ್ತಾ ತಡವಾಯಿತು. ಓಡುತ್ತಾ ಹೋದೆ. ದೂರದಿಂದ ಕಂಡಿತು: ನಾನು ಇನ್ನೂ ಮುಟ್ಟಿರಲಿಲ್ಲ, ಪುಟ್ಟಿಯ ಪಕ್ಕ ಯಾರೂ ಇರಲಿಲ್ಲ, ದೇವಮ್ಮ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಅವಸರವಿಲ್ಲದೆ, ಕತ್ತು ಎತ್ತಿ, ಪೂರ್ತಿ ಕುಡಿದಳು. ನಾನು ಬಂದೇ ಬರುತ್ತೇನೆ ಅಂತ ಆಕೆಗೆ ಗೊತ್ತಿತ್ತು. ಬಾಟಲಿಯ ಮುಚ್ಚಳ ಹಾಕಿ, ನನ್ನನ್ನು ನೋಡಿ, "ತಡಾ ಆತಲ್ಲ" ಅಂದು ಎದ್ದು, ಸ್ವಂತ ಮನೆಯವರಿಗೆ ಹೇಳುವ ಹಾಗೆ, "ದನ ನೋಡ್ರಿ" ಅಂತ ಹೇಳಿ ಸಂದಿಯ ಕಡೆ ಹೋದಳು.

ಆಕೆ ಸಂದಿಯಿಂದ ತಿರುಗಿ ಬಂದ ಮೇಲೆ, ಪುಟ್ಟಿಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ನಾನು ಆ ಗೋಡೆಯ ಹತ್ತಿರ ಹೋದೆ. ಸಿಸ್ಟರ್ ಹಾಕಿದ ಎಕ್ಸ್ ಮಳೆಗೆ ಅರ್ಧ ಮಾಸಿತ್ತು. ಜೇಬಿನಲ್ಲಿ ಅವರು ಕೊಟ್ಟ ತುಂಡಿತ್ತು. ಒರೆಸಿ ಪಿ ಹಾಕು ಅಂದಿದ್ದರು. ಒರೆಸಲು ಕೈ ಎತ್ತಿದವನು ಒರೆಸಲಿಲ್ಲ. ಮಾಸಿದ ಗೆರೆಗಳ ಮೇಲೆಯೇ ಒತ್ತಿ ಒತ್ತಿ ಇನ್ನೊಮ್ಮೆ ತಿದ್ದಿದೆ, ದೂರದಿಂದ ಕಾಣುವ ಹಾಗೆ.

ದೇವಮ್ಮ ನಳದಲ್ಲಿ ಕೈ ತೊಳೆಯುತ್ತಾ ನೋಡುತ್ತಿದ್ದಳು. "ಏನ್ ಬರದ್ರಿ ಅದು?"

"ನಾಳಿಗೆ ಮತ್ತ ಬರತೀನಿ ಅಂತ" ಅಂದೆ.